ದೀಪಕ್ಕೆ ಫ್ಯಾನಿನ ರೆಗ್ಯುಲೇಟರ್

ತಿರುಗಿಸುವ ಗುಂಡಿಗಳೆಲ್ಲ ಒಂದೇ ವಂಶದವು ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ರೇಡಿಯೋ ಇರಲಿ, ಗ್ಯಾಸಿನ ಒಲೆ ಇರಲಿ, ಫ್ಯಾನ್ ಇರಲಿ, ಒಂದು ಕಡೆ ತಿರುಗಿಸಿದರೆ ಹೆಚ್ಚು, ಇನ್ನೊಂದು ಕಡೆ ತಿರುಗಿಸಿದರೆ ಕಡಿಮೆ. ಇಷ್ಟಕ್ಕೆ ಯಾವ ವಿದ್ಯೆ ಬೇಕು?

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಪಾಲಿಶ್ ಮಾಡುವ ನನ್ನದೊಂದು ಯಾರ್ಡ್ ಇದೆ. ತಲೆಯ ಮೇಲೆ ಕಲ್ಲು ಹೊತ್ತು ಮೇಲೆ ಬಂದವನು ನಾನು. ಹೋದ ವರ್ಷ ಯಾರ್ಡಿನ ಪಕ್ಕದಲ್ಲೇ ಒಂದು ಚಿಕ್ಕ ಫಂಕ್ಷನ್ ಹಾಲ್ ಕಟ್ಟಿಸಿದೆ. ನೆಲಕ್ಕೆ ನನ್ನದೇ ಫರ್ಸಿ, ಮುಖ ಕಾಣುವಷ್ಟು ನುಣುಪು. ಎಲ್ಲ ಇತ್ತು, ಬುಕಿಂಗ್ ಒಂದು ಇರಲಿಲ್ಲ!

ಕೊನೆಗೆ ಚಿತ್ತಾಪುರದ ಚಂದಮ್ಮ ಎಂಬ ಹಿರಿಯರು ಬಸುರಿ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಾಲ್ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ವಾಡಿಯಿಂದ ಸೇಡಂವರೆಗೆ ಅವರ ಬೀಗರು ಹಬ್ಬಿಕೊಂಡಿದ್ದಾರೆ. ಅವರು ಹೂಂ ಅಂದರೆ ನಮ್ಮ ಹಾಲಿಗೆ ಕುಬಸ, ತೊಟ್ಟಿಲು, ಮದುವೆಗಳ ಸಾಲು. ಊಹೂಂ ಅಂದರೆ ಅದು ಕಲ್ಲಿನ ಗೋದಾಮು. ಯಾವ ಮೂಲೆಯಲ್ಲಿ ಯಾವ ಸೈಜಿನ ಫರ್ಸಿ ಒಟ್ಟಬೇಕೆಂದು ನನ್ನ ಹೆಂಡತಿ ಶಾಂತಾ ಆಗಲೇ ಯೋಚಿಸಿಟ್ಟಿದ್ದಳು!

ಕಲಬುರಗಿಯ ಒಂದು ಹಾಲಿನಲ್ಲಿ ಛಾವಣಿಯ ಅಂಚಿನ ಪಟ್ಟಿ ದೀಪ ಮೆಲ್ಲಗೆ ಮಂಕಾಗುವುದನ್ನು ನಾನು ನೋಡಿದ್ದೆ. ಚಂದಮ್ಮನವರನ್ನು ಅದರಿಂದಲೇ ಬುಟ್ಟಿಗೆ ಬೀಳಿಸಬೇಕೆಂದು ನಿರ್ಧರಿಸಿ, ಮನೆಯ ಕರೆಂಟಿನಲ್ಲೇ ನೇರವಾಗಿ ಉರಿಯುವ ಎಲ್‌ಇಡಿ ಪಟ್ಟಿಯ ಸುರುಳಿ ತಂದೆ. ಅಂಗಡಿಯವನು ಮೊದಲು ಹೇಳುವ ರೇಟನ್ನು ಕಿವಿಗೆ ಹಾಕಿಕೊಳ್ಳಲೇಬೇಡಿ. ಇದು ಪುಕ್ಕಟೆ ಸಲಹೆ.

ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಖಾಜಾ ಭಾಯಿ ಬಂದು ನೋಡಿದ. ಕೆಲಸದಷ್ಟೇ ನಾಲಿಗೆಯೂ ಚುರುಕು ಅವನದು.

"ಸಾವ್ಕಾರ್ರ, ಇದಕ್ಕ ಎಲ್‌ಇಡಿದೇ ಡಿಮ್ಮರ್ ಬೇಕ್ರಿ. ಪಟ್ಟಿ ಎಷ್ಟು ವ್ಯಾಟ್ ಎಳೀತದ ನೋಡಿ, ಅದಕ್ಕಿಂತ ಜಾಸ್ತಿ ತಾಕತ್ತಿಂದು ತರಬೇಕು."

"ಯಾಕ? ಫ್ಯಾನಿನ ರೆಗ್ಯುಲೇಟರ್ ಏನ್ ಪಾಪ ಮಾಡ್ಯದ?"

"ಫ್ಯಾನ್ ಬ್ಯಾರೆ, ಲೈಟ್ ಬ್ಯಾರೆರಿ."

"ಕರೆಂಟ್ ಒಂದೇ ಅಲ್ಲೇನೋ! ಇದ್ದ ಸಾಮಾನಿನ್ಯಾಗ ಮಾಡು, ಮಜೂರಿನೂ ಅರ್ಧ ತಗೋ."

ಖಾಜಾ ಕೈಯಲ್ಲಿದ್ದ ಇಕ್ಕಳವನ್ನು ಚೀಲಕ್ಕೆ ಹಾಕಿದ. "ನೀವೇ ಹಚ್ಚಿರಿ ಸಾವ್ಕಾರ್ರ. ಪೂರಾ ಮಜೂರಿ ಉಳೀತದ. ಸುಟ್ರ ಮಾತ್ರ ನನ್ನ ಹೆಸರು ಹೇಳಬ್ಯಾಡ್ರಿ!"

ಉಳಿತಾಯದ ಮಾತು ನನಗೆ ಹಿಡಿಸಿತು. ಹಾಲಿನ ಫ್ಯಾನಿನ ರೆಗ್ಯುಲೇಟರ್ ಕಿತ್ತು ಪಟ್ಟಿಗೆ ಜೋಡಿಸಿ, ಫ್ಯಾನನ್ನು ನೇರವಾಗಿ ಸ್ವಿಚ್ಚಿಗೆ ಕಟ್ಟಿದೆ. ನಾನು ಏಣಿ ಹತ್ತಿದಾಗ ಕೆಳಗಿನಿಂದ ಶಾಂತಾ ಕೇಳಿದಳು:

"ಮೇನ್ ತೆಗೆದೀರಿಲ್ಲೋ?"

"ಸ್ವಿಚ್ ಆಫ್ ಮಾಡೀನಿ, ಸಾಕು."

"ನಿಮಗ ಸಾಕು. ನನಗ ಇನ್ನಾ ನೀವು ಬೇಕಲ್ಲ!" ಎಂದು ಅವಳೇ ಹೋಗಿ ಮೇನ್ ಇಳಿಸಿದಳು. ಯಾರ್ಡಿನ ಪಾಲಿಶ್ ಮಷಿನ್ ನಿಂತು ಆಳುಗಳೆಲ್ಲ ಬೀಡಿ ಹಚ್ಚಿದರು. ನನ್ನ ಉಳಿತಾಯದ ಮೊದಲ ಕಂತು ಹೀಗೆ ಹೊಗೆಯಾಯಿತು.

ಪಟ್ಟಿ ಒಂದು ಮಾರು ಹೆಚ್ಚಾಗಿತ್ತು. ಅದರ ಮೇಲೆ ಅಲ್ಲಲ್ಲಿ ಕತ್ತರಿಯ ಗುರುತು ಇತ್ತು. ಅಲ್ಲಿ ಮಾತ್ರ ಕತ್ತರಿಸಬೇಕಂತೆ. ನನ್ನ ಗೋಡೆ ಎಲ್ಲಿ ಮುಗಿಯುತ್ತದೆಂದು ಪಟ್ಟಿ ಮಾಡಿದವನಿಗೇನು ಗೊತ್ತು? ಶಾಂತಾಳ ಹೊಲಿಗೆ ಕತ್ತರಿಯಿಂದ ಗೋಡೆ ಮುಗಿದಲ್ಲೇ ಕಚಕ್ ಅನ್ನಿಸಿದೆ. ತುದಿಗೆ ಪುಸ್ತಕಕ್ಕೆ ಅಂಟಿಸುವ ಟೇಪ್ ಸುತ್ತಿದೆ.

ದೀಪ ಹತ್ತಿತು! ಕೊನೆಯ ಒಂದು ತುಂಡು ಹತ್ತಲಿಲ್ಲ. ಅದು ಅಲಂಕಾರ ಎಂದು ಸಮಾಧಾನ ಮಾಡಿಕೊಂಡೆ. ಮಂಕು ಮಾಡಿ ನೋಡಲು ಸಮಯವಿರಲಿಲ್ಲ. ಸಂಜೆ ಕತ್ತಲಾಗುತ್ತಿದ್ದಂತೆ ಬಾಗಿಲಲ್ಲಿ ಜೀಪಿನ ಸದ್ದಾಯಿತು.

ಚಂದಮ್ಮನವರು ಇಬ್ಬರು ಸೊಸೆಯರೊಂದಿಗೆ ಬಂದು ಕುಳಿತರು. ನಾನು ಗಂಟಲು ಸರಿಪಡಿಸಿಕೊಂಡು, "ಈಗ ತಾವು ಬೆಳಕು ಮೆಲ್ಲಗೆ ಇಳಿಯುವುದನ್ನು ನೋಡುವಿರಿ" ಎಂದು ಪುಸ್ತಕದ ಕನ್ನಡದಲ್ಲಿ ಘೋಷಿಸಿ ಗುಂಡಿ ತಿರುಗಿಸಿದೆ.

ಬೆಳಕು ಇಳಿಯಲಿಲ್ಲ. ಕುಣಿಯತೊಡಗಿತು! ಹತ್ತಿತು, ಆರಿತು, ಹತ್ತಿತು. ರೆಗ್ಯುಲೇಟರ್ ಗುಂಯ್ ಎಂದಿತು. ನನ್ನ ನುಣುಪಾದ ಫರ್ಸಿ ಅದನ್ನೆಲ್ಲ ಕೆಳಗಿನಿಂದಲೂ ತೋರಿಸತೊಡಗಿತು.

"ಯವ್ವಾ, ಒಳಗೇ ಸಿಡ್ಲು ಹೊಡ್ಯಾಕತ್ತದಲ್ಲೋ ತಮ್ಮಾ!" ಎಂದರು ಚಂದಮ್ಮ.

"ಅತ್ತಿ, ನನಗ ತಲಿ ತಿರಗಾಕತ್ತದ," ಎಂದಳು ಚಿಕ್ಕ ಸೊಸೆ.

ಗಾಳಿ ಬರಲೆಂದು ಓಡಿಹೋಗಿ ಫ್ಯಾನ್ ಹಾಕಿದೆ. ರೆಗ್ಯುಲೇಟರ್ ಕಳೆದುಕೊಂಡ ಫ್ಯಾನ್! ಒಮ್ಮೆಗೇ ಪೂರ್ತಿ ವೇಗದಲ್ಲಿ ತಿರುಗಿತು. ಆ ಬಿರುಗಾಳಿಗೆ ನನ್ನ ಟೇಪ್ ಬಿಚ್ಚಿ, ಪಟ್ಟಿಯ ತುದಿ ಜೋತುಬಿದ್ದು ಬಡಿದಾಡಿ, ಒಳಗಿನ ತಂತಿಗಳು ಒಂದಕ್ಕೊಂದು ತಾಗಿದವು.

ಫಟ್!

ಕಿಡಿ ಹಾರಿತು. ಕತ್ತಲೆ.

"ಇದು ಎಲ್ಲಕ್ಕಿಂತ ಕಡಿಮೆ ಇಟ್ಟಾಗ ಬರೋ ಬೆಳಕ್ರಿ," ಎಂದೆ.

ಯಾರೂ ನಗಲಿಲ್ಲ. ಮೊಬೈಲ್ ಟಾರ್ಚಿನಲ್ಲಿ ಆ ಜೋತ ತುದಿಯನ್ನು ನೋಡಿ ಚಂದಮ್ಮನವರು ಎದ್ದು ನಿಂತರು. "ತಮ್ಮಾ, ಬಸುರಿ ಹೆಣ್ಮಗಳು ಕುಂದರೋ ಜಾಗ ಇದು. ನಡೀರಿ, ಹೋಗೋಣು."

ಶಾಂತಾ ಓಡಿಬಂದು ಚಂದಮ್ಮನವರ ಕೈ ಹಿಡಿದಳು. "ಅವ್ವಾರ, ನೀವು ಅಂದದ್ದು ಖರೇನೇ ಅದ. ನಾಳಿ ಒಂದ್ಸಲ ಬರ್ರಿ. ಕೆಲಸ ಬಲ್ಲವ್ರ ಕೈಲಿ ಮಾಡಸ್ತೀನಿ. ಇವರನ್ನ ಗೋದಾಮಿನ್ಯಾಗ ಹಾಕಿ ಕೀಲಿ ಹಾಕ್ತೀನಿ!"

ಮರುದಿನ ಖಾಜಾ ಬಂದ. ನಾನು ಬಾಯಿ ತೆರೆಯುವ ಮೊದಲೇ, "ಇವತ್ತ ಚೌಕಾಸಿ ಇಲ್ರಿ" ಎಂದ. ಮೊದಲು ಮೇನ್ ಇಳಿಸಿದ, ಟೆಸ್ಟರ್ ಹಚ್ಚಿ ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡ. ಗುರುತಿದ್ದಲ್ಲೇ ಪಟ್ಟಿ ಕತ್ತರಿಸಿ ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕಿ ಬಿಗಿದ. ಪಟ್ಟಿಯ ಪ್ಲಗ್ಗಿಗೆ ಕರೆಂಟ್ ಬರುವ ದಾರಿಯಲ್ಲೇ, ಗೋಡೆಯಲ್ಲಿ, ತಾನು ತಂದಿದ್ದ ಹೊಸ ಡಿಮ್ಮರ್ ಕೂರಿಸಿದ. "ಡಿಮ್ ಆಗೋ ಪಟ್ಟೀನೇ ತಂದೀರಿ, ನಿಮ್ಮ ನಸೀಬ," ಎಂದ. ಸೋವಿಯಾಗಿತ್ತೆಂದು ತಂದಿದ್ದೆ ಅಂತ ನಾನು ಹೇಳಲಿಲ್ಲ. ಫ್ಯಾನಿಗೆ ಅದರ ರೆಗ್ಯುಲೇಟರ್ ಮರಳಿತು.

ಸಂಜೆ ಚಂದಮ್ಮನವರು ಬಂದರು. ನಾನು ಗುಂಡಿ ತಿರುಗಿಸಿದೆ. ಆಹಾ! ಬೆಳಕು ಹಾಲು ಕೆನೆಗಟ್ಟಿದಂತೆ ಮೆತ್ತಗಾಯಿತು. ಮಿನುಗಿಲ್ಲ, ಸದ್ದಿಲ್ಲ.

ಚಂದಮ್ಮನವರು ಮೇಲೆ ನೋಡಿದರು, ನನ್ನನ್ನು ನೋಡಿದರು.

"ಇದಕ್ಕ ರೊಕ್ಕ ಕೊಟ್ಟೀಯೇನು?"

"ಹೌದ್ರಿ ಯವ್ವಾ."

"ಬೆಳಕು ಕಮ್ಮಿ ಮಾಡಾಕ? ನಮ್ಮೂರಾಗ ಸಂಜಿ ಆತಂದ್ರ ಅದು ಪುಕ್ಕಟೆ ಆಗ್ತದಲ್ಲೋ!" ಸೊಸೆಯರು ಸೆರಗು ಬಾಯಿಗೊತ್ತಿಕೊಂಡರು. "ಪೂರಾ ಹಚ್ಚು. ಮೊಮ್ಮಗಳು ಉಟ್ಟ ಸೀರಿ ಮಂದಿಗೆ ಕಾಣಬ್ಯಾಡೇನು? ತಾಟಿನ್ಯಾಗ ಹೋಳಿಗಿ ಎಷ್ಟು ಅದಾವ ಕಾಣಬ್ಯಾಡೇನು?"

ಪೂರ್ತಿ ಹಚ್ಚಿದೆ. ಹಾಲ್ ಅವರಿಗೆ ಒಪ್ಪಿಗೆಯಾಯಿತು. ಶಾಂತಾ ಅಡುಗೆ ಮನೆಯ ಬಾಗಿಲಲ್ಲಿ ನಿಟ್ಟುಸಿರು ಬಿಟ್ಟಳು. ಆಮೇಲೆ ನಾನು ಬಾಡಿಗೆ ಹೇಳಿದೆ.

ಚಂದಮ್ಮನವರು ಗಾಳಿಯಲ್ಲೇ ಗುಂಡಿ ತಿರುಗಿಸಿದಂತೆ ಕೈ ತಿರುಗಿಸಿದರು. "ಇದನ್ನ ಕಮ್ಮಿ ಮಾಡು. ಇನ್ನಾ ಸ್ವಲ್ಪ. ಇನ್ನಾ ಸ್ವಲ್ಪ ತಮ್ಮಾ."

ನಾನು ಮಿನುಗಲಿಲ್ಲ. ಗುಂಯ್ ಅನ್ನಲಿಲ್ಲ. ಅವರು ತಿರುಗಿಸಿದಷ್ಟೂ ನಯವಾಗಿ ಇಳಿದೆ!