ಹಸಿವು ಯಾರ ಕಡೆಯದು?

ಆಸ್ಪತ್ರೆಯಲ್ಲಿ ತೂಕದ ಯಂತ್ರ ಇಟ್ಟುಕೊಂಡು ಕೂತವಳ ಎದುರು ಜನ ಅಳುವುದೇ ಹೆಚ್ಚು. ಆದರೂ ಆ ಅಳುವಿನ ನಡುವೆಯೇ ನಗು ತಡೆಯಲಾಗದ ಮಾತೊಂದು ಬಂದುಬಿಡುತ್ತದೆ. ನಾನು ತುಮಕೂರಿನವಳು, ವಿಶಾಖಪಟ್ಟಣದಲ್ಲಿ ಡಯಟಿಷಿಯನ್. ಕನ್ನಡದವರು ಬಂದರೆ ಡಾಕ್ಟರು ನನ್ನ ಕೋಣೆಗೇ ಕಳಿಸುತ್ತಾರೆ. ಹಾಗೆ ಬಂದ ಒಂದೇ ಮನೆಯವರ ಪ್ರಸಂಗಗಳಿವು.

ಆಕಲಿ

ಇಲ್ಲಿನ ಎಂವಿಪಿ ಕಾಲೋನಿಯಿಂದ ಮೂವರು ಬಂದಿದ್ದರು: ಆರು ವರ್ಷದ ಹುಡುಗಿ, ಅವಳ ಅಮ್ಮ, ಎರಡು ತಿಂಗಳ ಹಿಂದೆ ಊರಿನಿಂದ ಬಂದ ಅಜ್ಜಿ, ಅಂದರೆ ಅಪ್ಪನ ತಾಯಿ. ಹುಡುಗಿಯ ತೂಕ ಹತ್ತು ವರ್ಷದವರಷ್ಟಿತ್ತು. ಅಮ್ಮ ತಲೆ ಎತ್ತಲಿಲ್ಲ.

"ಲಿಫ್ಟಿನಲ್ಲಿ ಸಿಕ್ಕವರೆಲ್ಲ ಏನು ತಿನ್ನಿಸ್ತೀರಿ ಅಂತ ಕೇಳ್ತಾರೆ ಮೇಡಂ. ಎಲ್ಲ ಮಕ್ಕಳಿಗೆ ಹಾಕೋ ಅಷ್ಟೇ ಹಾಕ್ತೀನಿ. ಅರ್ಧ ಗಂಟೆಗೆ ಮತ್ತೆ ಹಸಿವು ಅಂತ ಅಳ್ತಾಳೆ."

"ಹಸಿವಲ್ಲ ಕಣಮ್ಮ, ನಿದ್ದೆ ಸಾಲ್ತಿಲ್ಲ" ಅಂದರು ಅಜ್ಜಿ. "ಇವಳು ಆಫೀಸಿಗೆ ಹೋದ್ಮೇಲೆ ಮಗು ಆಕಲಿ ಆಕಲಿ ಅಂತಾನೇ ಇರುತ್ತೆ. ಆಕಳಿಕೆ ಬಂದ್ರೆ ಮಲ್ಕೋ ಅಂತ ತಟ್ಟಿ ಮಲಗಿಸ್ತೀನಿ."

ತೆಲುಗಿನಲ್ಲಿ ಆಕಲಿ ಅಂದರೆ ಹಸಿವು, ಮಗು ಅದನ್ನು ಶಾಲೆಯಲ್ಲಿ ಕಲಿತಿದೆ ಎಂದು ನಾನು ಹೇಳಬೇಕಾಯಿತು. ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದರು.

"ಅದಕ್ಕೇ ಇದು ಕಣ್ಣು ಮುಚ್ಕೊಂಡು ಬಾಯಿ ಆಡಿಸ್ತಿತ್ತು!"

ಬಾಗಿಲು

ಇಷ್ಟು ಚಿಕ್ಕ ವಯಸ್ಸಿಗೇ ಇಷ್ಟು ಹಸಿವಿದ್ದರೆ ಜೀನ್ ಪರೀಕ್ಷೆ ಮಾಡೋಣ ಎಂದರು ಡಾಕ್ಟರು. ಅದಕ್ಕೆ ಮೊದಲು ಎರಡೂ ಕಡೆಯ ನೆಂಟರಲ್ಲಿ ಯಾರ್ಯಾರು ದಪ್ಪ ಎಂದು ಬರೆದುಕೊಳ್ಳುವುದು ನನ್ನ ಕೆಲಸ.

"ನಮ್ಮ ಕಡೆ ಯಾರೂ ಇಲ್ಲ. ಎಲ್ಲಾ ಇವಳ ತವರಿಂದು" ಅಂದರು ಅಜ್ಜಿ.

ಸೊಸೆಯ ತಾಯಿಯ ತೂಕ ಕೇಳಿದೆ. "ನಲವತ್ತೆರಡು ಕೇಜಿ" ಅಂದಳು ಆಕೆ ಮೆಲ್ಲಗೆ.

ಅಜ್ಜಿಯ ಅಕ್ಕನ ವಿಷಯ ಕೇಳಿದೆ. "ಮೂಳೆ ದಪ್ಪ, ಅಷ್ಟೇ." ತಮ್ಮ? "ಸರಿಯಾಗೇ ಇದ್ದಾನೆ. ಒಂದ್ಸಲ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡ. ಆ ಬಾಗಿಲೇ ಚಿಕ್ಕದು."

ನೀರು

ಹುಡುಗಿಯ ಅಪ್ಪ ಬ್ಯಾಂಕ್ ಅಧಿಕಾರಿ, ಆಗ ವಿಜಯವಾಡಕ್ಕೆ ವರ್ಗವಾಗಿತ್ತು. ಶನಿವಾರ ರಕ್ತ ಕೊಡಲು ಬಂದವರು ಸೂಜಿಗಿಂತ ರಿಪೋರ್ಟಿಗೇ ಹೆಚ್ಚು ಹೆದರಿದ್ದರು.

"ಯಾರ ಕಡೆಯಿಂದ ಬಂತು ಅಂತ ಅದರಲ್ಲಿ ಬರೀತಾರಾ ಮೇಡಂ?"

"ಗೊತ್ತಾದರೆ ಬರೀತಾರೆ."

ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಹೆಂಡತಿ ಕಡೆಯದು ಅಂದ್ರೆ ಅವಳು ಊಟ ಬಿಡ್ತಾಳೆ. ನನ್ನ ಕಡೆಯದು ಅಂದ್ರೆ ಅಮ್ಮ ಬಿಡ್ತಾರೆ. ಈ ಊರಿನ ನೀರು ಅಂತ ಬರೆಯೋಕಾಗಲ್ವಾ?"

ಪಾಲು

ರಿಪೋರ್ಟ್ ಬಂದ ದಿನ ನಾಲ್ವರೂ ಕೂತಿದ್ದರು. ಒಂದು ಜೀನಿನಲ್ಲಿ ವ್ಯತ್ಯಾಸವಿತ್ತು. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಗುವಿನ ಮೆದುಳಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. "ಇದು ನಿಮ್ಮ ತಪ್ಪಲ್ಲ" ಎಂದು ಡಾಕ್ಟರ ಮಾತನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಈ ಜೀನ್ ಇದ್ದವರೆಲ್ಲ ಒಂದೇ ಥರ ದಪ್ಪ ಆಗಲ್ಲ. ಊಟ, ಆಟ ನೋಡಿಕೊಳ್ಳೋಣ, ನಾನಿದ್ದೀನಿ. ಬೈಯೋದು ಮಾತ್ರ ಬೇಡ." ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅದು ಅಪ್ಪನಿಂದ ಬಂದಿತ್ತು. ಅಪ್ಪನಿಗೆ ಯಾರಿಂದ ಎಂದು ಯಾರೂ ಕೇಳಲಿಲ್ಲ.

ಅಜ್ಜಿಯೇ ಬಾಯಿಬಿಟ್ಟರು. "ಇವನಪ್ಪ ಕಡ್ಡಿ ಹಂಗಿದ್ರು. ನಂದೇ ಇದು. ಚಿಕ್ಕೋಳಿದ್ದಾಗ ಉಂಡು ಎದ್ದ ತಕ್ಷಣ ಹಸಿವಾಗೋದು. ಬೆಲ್ಲ ಕದ್ದು ಏಟು ತಿಂದಿದ್ದೀನಿ. ದುರಾಸೆ ಅಂತಿದ್ರು, ನಾನೂ ಹಂಗೇ ಅಂದ್ಕೊಂಡಿದ್ದೆ." ಆಮೇಲೆ ಸೊಸೆಯ ಕೈ ಹಿಡಿದರು. "ನಿನ್ನನ್ನ ಸುಮ್ಮಸುಮ್ಮನೆ ಅಂದ್ಬಿಟ್ಟೆ ಕಣಮ್ಮ."

ಅಜ್ಜಿ ಕಣ್ಣೊರೆಸಿಕೊಂಡು ಹೊರಗೆ ಹೋಗಿ ಊರಿನಲ್ಲಿದ್ದ ಅಕ್ಕನಿಗೆ ಫೋನ್ ಹಚ್ಚಿದರು. ಮಾತು ಕಾರಿಡಾರಿಗೆಲ್ಲ ಕೇಳುತ್ತಿತ್ತು.

"ಅಕ್ಕಾ, ಅಮ್ಮ ಇದ್ದಬದ್ದದ್ದನ್ನೆಲ್ಲ ನಿನಗೇ ಕೊಟ್ಟಳು ಅಂತ ನಲವತ್ತು ವರ್ಷ ಜಗಳ ಆಡಿದೆನಲ್ಲ, ತಪ್ಪಾಯ್ತು ಕಣೇ. ನನ್ನ ಪಾಲಿಂದು ನನಗೆ ಬಂದಿದೆಯಂತೆ. ಡಾಕ್ಟರು ಕಾಗದದಲ್ಲಿ ಬರೆದೇ ಕೊಟ್ಟಿದ್ದಾರೆ!"