ಎಲ್ಲರೂ ಒತ್ತಿದ ಉತ್ತರ

‘ಸುಧಾಮಣಿ, ಇಂದಿನ ಪಾಠ ನಿಮಗಾಗಿಯೇ ತಯಾರಾಗಿದೆ’ ಎಂದಿತು ಫೋನು. ತನಗಾಗಿಯೇ ಏನಾದರೂ ತಯಾರಾದದ್ದು ಮದುವೆಯಾದ ಮೇಲೆ ಇದೇ ಮೊದಲು. ಆದರೂ ಸುಧಾಮಣಿಗೆ ಖುಷಿಯಾಗಲಿಲ್ಲ.

ಗುಂಡ್ಲುಪೇಟೆಯ ಹೂ ಬೆಳೆಗಾರರ ಸಂಘದಲ್ಲಿ ಅವಳು ಗುಮಾಸ್ತೆ. ಮನೆ ಚಾಮರಾಜನಗರದಲ್ಲಿ. ಮಗಳು ಪುಟ್ಟಿ ಶಾಲೆಯಿಂದ ಬಂದು, ಅಮ್ಮನ ಬಸ್ಸು ಬರುವವರೆಗೆ ಪಕ್ಕದ ಮನೆಯ ಟೀವಿ ಮುಂದೆ ಕೂತಿರುತ್ತಿದ್ದಳು. ಈಗ ಚಾಮರಾಜನಗರದ ಶಾಖೆಗೆ ಒಬ್ಬರು ಬೇಕಾಗಿದ್ದರು. ಯಾರೆಂಬುದನ್ನು ಹೆಡ್ ಆಫೀಸು ಇವತ್ತು ಸಂಜೆ, ಆನ್‌ಲೈನ್ ತರಬೇತಿಯ ಫಲಿತಾಂಶ ನೋಡಿ ತೀರ್ಮಾನಿಸಲಿತ್ತು. ಆ ಜಾಗ ಅವಳಿಗೇ ಸಿಗಲೆಂದು ಕಚೇರಿಯ ಉಳಿದವರು ಆ ತರಬೇತಿಯನ್ನು ತೆರೆದೂ ನೋಡಿರಲಿಲ್ಲ.

ಪಾಠ ಹೇಳುವುದು ಕೃತಕ ಬುದ್ಧಿಮತ್ತೆ. ನಮ್ಮ ಉತ್ತರಗಳಿಂದ ನಮ್ಮನ್ನೇ ಅಳೆದು, ದರ್ಜಿಯ ಹಾಗೆ ನಮ್ಮ ಮೈಗೆ ತಕ್ಕ ಪಾಠ ಹೊಲಿದು ಕೊಡುತ್ತದಂತೆ.

ಮೊದಲ ಪ್ರಶ್ನೆ, ಒದ್ದೆ ಚೆಂಡು ಹೂವು ತೂಗುವುದು ಹೇಗೆ? ಅವಳ ಉತ್ತರ ತಪ್ಪಾಯಿತು. ‘ಪರವಾಗಿಲ್ಲ, ಬುಡದಿಂದ ಕಲಿಯೋಣ. ಇದು ತಕ್ಕಡಿ’ ಎಂದು ಫೋನು ಚಿತ್ರ ತೋರಿಸಿತು.

“ತಕ್ಕಡಿ ನಂಗೂ ಗೊತ್ತು!” ಸುಧಾಮಣಿ ಫೋನಿಗೇ ಗದರಿದಳು.

ತೂಕ ಹಾಕುವ ಪುಟ್ಟಮಾದಯ್ಯ ಓಡಿಬಂದ. “ನಾನಿಲ್ವಾ ಸುಧಮ್ಮ? ಒಸಿ ಇತ್ಲಾಗ್ ಕೊಡಿ.” ಟಪಟಪನೆ ಒತ್ತಿದ. ‘ಅದ್ಭುತ, ಸುಧಾಮಣಿ! ಇನ್ನೂ ಕಠಿಣ ಪಾಠಕ್ಕೆ ನೀವು ಸಿದ್ಧ.’

“ಅಯ್ಯೋ ಅಣ್ಣ, ಇನ್ನೂ ಕಷ್ಟದ್ದು ಬಂತಲ್ಲ!”

“ಬರ್ಲಿ ಬುಡಿ, ನಾನೆಲ್ಲೋಯ್ತೀನಿ?”

ಲೆಕ್ಕದ ಪಾಠ ಬಂತು. ಬಿಲ್ಲು ಬರೆಯುವ ಮೀನಾ ಕುರ್ಚಿ ಎಳೆದು ಕೂತಳು. “ನೀವು ಬಸ್ಸಲ್ಲಿ ನಿಂತು ನಿಂತು ಸುಸ್ತಾಗಿದ್ದೀರ ಅಕ್ಕ, ಇದ್ನ ನಂಗೆ ಬುಡಿ.” ಕೇರಳದ ವ್ಯಾಪಾರಿಗಳೊಡನೆ ಚೌಕಾಸಿ ಮಾಡುವ ಪಾಠ ಬಂದಾಗ, ದಿನವೂ ಅದೇ ಕೆಲಸ ಮಾಡುವ ಕಿರಣ್ ಕುಮಾರ್ ಫೋನಿಗೆ ಬಾಯಿಟ್ಟು ಮಲಯಾಳಂನಲ್ಲಿ ಜಗಳವಾಡಿದ. ‘ನಿಮ್ಮ ಮಲಯಾಳಂ ಸೊಗಸಾಗಿದೆ, ಸುಧಾಮಣಿ’ ಎಂದಿತು ಅದು. ಗಂಡು ದನಿಯ ಬಗ್ಗೆ ಅದಕ್ಕೆ ಅನುಮಾನವೇ ಬರಲಿಲ್ಲ.

“ಒಂದಾದ್ರೂ ನಾನೇ ಮಾಡ್ತೀನಿ ಕೊಡ್ರಪ್ಪ,” ಎಂದು ಸುಧಾಮಣಿ ಫೋನು ಕಿತ್ತುಕೊಂಡಳು. ಪ್ರಶ್ನೆ: ಸಿಟ್ಟಾದ ರೈತನನ್ನು ಸಮಾಧಾನಪಡಿಸುವುದು ಹೇಗೆ? ಅಷ್ಟರಲ್ಲಿ ಹೂವಿನ ಮೂಟೆಗಳ ಜೊತೆ ಬೆಳಿಗ್ಗೆಯಿಂದ ಕಾದಿದ್ದ ರೈತ ಪುಟ್ಟಬಸಪ್ಪ ಒಳಗೆ ನುಗ್ಗಿದ.

“ಏನ್ರವ್ವ, ಹೂವ ಬಾಡೋಯ್ತಾ ಅದೆ, ಎಲ್ಲಾ ಸೇರ್ಕಂಡು ಸಿನಿಮಾ ನೋಡ್ತಿದ್ದೀರಾ?”

“ಒಂದ್ನಿಮಿಷ, ನಿಮ್ಮನ್ನ ಸಮಾಧಾನ ಮಾಡೋದನ್ನೇ ಕಲೀತಿದ್ದೀನಿ!”

“ಕಲ್ಯೋದೇನವ್ವ, ಮೊದ್ಲು ತೂಗ್ಸಿ!” ಎಂದು ಅವನು ಬೆರಳಿನಿಂದ ಪರದೆಗೆ ತಿವಿದ. ‘ಸರಿಯುತ್ತರ!’

ಸಂಜೆಯ ಹೊತ್ತಿಗೆ ಪಾಠ ಮುಗಿಯಿತು. ಇಡೀ ಸಂಘಕ್ಕೇ ಸುಧಾಮಣಿ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗಲೇ ಹೆಡ್ ಆಫೀಸಿನ ಅಧಿಕಾರಿಯ ಫೋನು ಬಂತು. ಮೀನಾ ಸ್ಪೀಕರ್ ಒತ್ತಿದಳು.

“ಭೇಷ್ ಸುಧಾಮಣಿಯವರೇ! ತೂಕ, ಲೆಕ್ಕ, ಮಲಯಾಳಂ, ರೈತರ ಜೊತೆ ಮಾತು, ಒಂದರಲ್ಲೂ ನಿಮ್ಮನ್ನ ಮೀರಿಸೋರಿಲ್ಲ.”

“ಹಾಗಾದ್ರೆ ಸರ್, ಚಾಮರಾಜನಗರ...?”

“ಅಲ್ಲಿಗೆ ಮೀನಾ ಹೋಗ್ಲಿ. ಪುಟ್ಟಮಾದಯ್ಯ, ಕಿರಣ್ ಕುಮಾರ್ ಇಬ್ರೂ ಕುದೇರು ಶಾಖೆಗೆ. ನಿಮ್ಮಂಥೋರು ಇದ್ಮೇಲೆ ಗುಂಡ್ಲುಪೇಟೆಗೆ ಇನ್ನೊಬ್ರು ಯಾಕೆ?”

ಫೋನು ಕಟ್ಟಾಯಿತು. ಹೊರಗೆ ಹೂವಿನ ಆಟೋ ಒಂದು ಬಂದು ನಿಂತಿತು.

“ತೂಗೋರು ಯಾರವ್ವಾ?” ಚಾಲಕ ಕೂಗಿದ.

ಮೂವರೂ ಒಟ್ಟಿಗೆ ಸುಧಾಮಣಿಯ ಕಡೆ ತಿರುಗಿದರು.