ಅಂಕಮ್ಮನ ಸರದಿ ಮುಗಿಯಲೇ ಇಲ್ಲ

ಒಂದೇ ಒಂದು ಭಾನುವಾರ ಸಾಕು, ಇಡೀ ರಾಜ್ಯವನ್ನೇ ಗೆದ್ದು ಬಿಸಾಕುತ್ತೇನೆ!

ಹೀಗೆಂದು ನಾನು ಘೋಷಿಸಿದ್ದು ಚಿಕ್ಕರಸಿನಕೆರೆಯ ನಮ್ಮ ನಡುಮನೆಯಲ್ಲಿ, ಟಿ.ವಿ. ಎದುರು, ಲುಂಗಿ ಉಟ್ಟುಕೊಂಡು. ಕೇಳಿಸಿಕೊಂಡವರು ಹೆಂಡತಿ ಆಶಾರಾಣಿ ಮತ್ತು ಅವಳ ತಮ್ಮ ತೇಜು. ಮಂಡ್ಯದಲ್ಲಿ ಹೊಸ ಬಾಡಿಗೆ ಕೋಣೆ ಸಿಗುವ ತನಕ ಇರಲಿ ಎಂದು ತೇಜು ತನ್ನ ಗೇಮ್ ಪೆಟ್ಟಿಗೆಯನ್ನು ನಮ್ಮಲ್ಲಿ ತಂದಿಟ್ಟಿದ್ದ.

“ಭಾವ, ಇದು ಸ್ಟ್ರಾಟಜಿ ಗೇಮು. ಇದಕ್ಕೆ ತಲೆ ಬೇಕು” ಅಂದ.

ತಲೆಯಂತೆ! ಮಂಡ್ಯದ ಕಚೇರಿಯಲ್ಲಿ ಇಷ್ಟು ವರ್ಷ ಫೈಲುಗಳನ್ನು ಮೇಜಿನಿಂದ ಮೇಜಿಗೆ ನಡೆಸಿದ ಈ ಶಿವರಾಜುವಿಗೆ, ಬೊಂಬೆ ಸೈನಿಕರನ್ನು ಚೌಕದಿಂದ ಚೌಕಕ್ಕೆ ನಡೆಸಲು ತಲೆ ಬೇಕಂತೆ!

ಆಟವೋ, ದೇವರಿಗೇ ಪ್ರೀತಿ. ಇತ್ತ ನನ್ನ ಸೇನೆ, ಅತ್ತ ವೈರಿಯ ಸೇನೆ. ನಾನು ಹೊಡೆಯುವಾಗ ಅವನು ತೆಪ್ಪಗೆ ನಿಂತು ಹೊಡೆಸಿಕೊಳ್ಳಬೇಕು. ನಾನು ‘ಸರದಿ ಮುಗಿಯಿತು’ ಎಂಬ ಗುಂಡಿ ಒತ್ತಿದ ಮೇಲೆ ಅವನು ಹೊಡೆಯಬೇಕು, ನಾನು ತೆಪ್ಪಗೆ ನಿಲ್ಲಬೇಕು. ಇದೂ ಒಂದು ಯುದ್ಧವೇ? ಮದ್ದೂರಿನಲ್ಲಿ ಬಸ್ಸು ಹತ್ತುವ ಜನ ಒಂದು ದಿನವೂ ತೋರಿಸದ ಮರ್ಯಾದೆಯನ್ನು ಈ ಕೊಲೆಗಡುಕರು ತೋರಿಸುತ್ತಾರೆ! ಗುಂಡಿ ಒತ್ತದೆ ನೀವು ಸ್ನಾನ ಮಾಡಿ ಬನ್ನಿ, ಊಟ ಮಾಡಿ ಬನ್ನಿ, ಎತ್ತಿದ ಕತ್ತಿ ಎತ್ತಿದ ಹಾಗೇ ಇರುತ್ತದೆ.

ಇಂಥ ಆಟ ಆಡುವವರಿಗೆ ನನ್ನ ಕಡೆಯಿಂದ ಪುಕ್ಕಟೆ ಉಪದೇಶ. ಬಿಲ್ಲುಗಾರರನ್ನು ಮುಂದೆ ನಿಲ್ಲಿಸಬೇಡಿ, ಅವರು ಸೀನಿದರೂ ಸಾಯುತ್ತಾರೆ. ಗುಡ್ಡ ಕಂಡರೆ ಹತ್ತಿ ನಿಲ್ಲಿ. ವೈರಿ ಏನು ಹೇಳಿದರೂ ನಂಬಬೇಡಿ, ಸಂಧಿ ಅನ್ನುತ್ತಾ ಬಂದವನು ಸೇತುವೆ ಕಿತ್ತುಕೊಂಡು ಹೋಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಇಕ್ಕಟ್ಟಾದ ದಾರಿಯಲ್ಲಿ ಒಬ್ಬ ದಢೂತಿ ಆಸಾಮಿಯನ್ನು ಅಡ್ಡ ನಿಲ್ಲಿಸಿ. ಎಷ್ಟು ದೊಡ್ಡ ಸೇನೆ ಬಂದರೂ ಅವನೊಬ್ಬನೇ ತಡೆಯುತ್ತಾನೆ. ಇಷ್ಟು ತಿಳಿಯಲು ತೇಜು ತಿಂಗಳುಗಟ್ಟಲೆ ಆಡಿದ್ದನಂತೆ, ಪಾಪ!

ಆ ಭಾನುವಾರ ಮಳವಳ್ಳಿಯಲ್ಲಿ ಆಶಾರಾಣಿಯ ಕಡೆಯವರ ಬೀಗರೂಟ. ಅದೇ ದಿನ ನಮ್ಮ ಗದ್ದೆಗೆ ನಾಲೆ ನೀರಿನ ಸರದಿ. ನಮ್ಮಲ್ಲಿ ಕಟ್ಟು ನೀರು, ಅಂದರೆ ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಬಿಟ್ಟಾಗ ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ನಮ್ಮದು ಭಾನುವಾರ ತಿಂಡಿ ಹೊತ್ತಿನಿಂದ ಮಧ್ಯಾಹ್ನದ ತನಕ. ನಾಟಿಗೆಂದು ಬೆಳೆಸಿದ್ದ ಭತ್ತದ ಸಸಿಮಡಿ, ನಮ್ಮವರ ಮಾತಿನಲ್ಲಿ ಒಟ್ಲು, ನೀರಿಲ್ಲದೆ ಬಾಯಿ ಬಿಡುತ್ತಿತ್ತು. ಈ ಕಟ್ಟಿನಲ್ಲಿ ನೀರು ತಪ್ಪಿದರೆ ಪೈರು ಸುಟ್ಟು, ಈ ಸಲ ನಾಟಿಯೇ ಇಲ್ಲ.

“ನೀವೆಲ್ಲ ಊಟಕ್ಕೆ ಹೋಗಿ ಬನ್ನಿ. ನೀರು ನಾನು ಕಟ್ಟುತ್ತೇನೆ” ಅಂದೆ.

ಆಶಾರಾಣಿ ನನ್ನ ಹಣೆ ಮುಟ್ಟಿ ನೋಡಿದಳು. “ಬಾಡೂಟ ಬುಟ್ಟು ಗದ್ದೆಗೆ ಓಯ್ತೀರಾ? ಜ್ವರ ಗಿರ ಬಂದದಾ?”

“ರೈತನ ಮಗ ಕಣೇ ನಾನು!”

“ಮಗ ದಿಟ. ರೈತ ಯಾವತ್ತಾದ್ರೂ ಆಗಿದ್ದೀರಾ?” ಎಂದು ಟಿ.ವಿ. ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ತಮ್ಮನ ಜೊತೆ ಹೊರಟಳು.

ಅವರು ಬೀದಿ ತಿರುಗುವ ಮೊದಲೇ ನಾನು ರಣರಂಗದಲ್ಲಿದ್ದೆ. ಒಂದು ಕೋಟೆ ಹಿಡಿದು ಎದ್ದುಬಿಡೋಣ ಅಂದುಕೊಂಡೆ. ಕೋಟೆ ಹಿಡಿದೆ, ಪಕ್ಕದಲ್ಲಿ ಇನ್ನೊಂದು ಕಾಣಿಸಿತು. ಬಿಟ್ಟು ಹೋಗಲು ಮನಸ್ಸಾದರೂ ಹೇಗೆ ಬರುತ್ತದೆ? ನೀರು ಎಲ್ಲಿಗೆ ಹೋಗುತ್ತದೆ, ನಮ್ಮ ಸರದಿ ನಮಗೇ ಅಲ್ಲವೇ? ಗುಂಡಿ ಒತ್ತುವ ತನಕ ಜಗತ್ತು ಕಾಯುತ್ತದೆ ಎಂಬ ಭ್ರಮೆ ಆಗಲೇ ನನ್ನ ತಲೆಗೆ ಹತ್ತಿತ್ತು. ಮೂರನೇ ಕೋಟೆಯ ಬಾಗಿಲು ಮುರಿಯುವಾಗ ಕಿಟಕಿಯ ಬಿಸಿಲು ಕಾಲ ಮೇಲೆ ಸುಡತೊಡಗಿತು. ಗುದ್ದಲಿಯನ್ನೂ ತೆಗೆದುಕೊಳ್ಳದೆ ಓಡಿದೆ.

ಗದ್ದೆಯ ಹತ್ತಿರ ಹೋಗಿ ನೋಡುತ್ತೇನೆ, ಹಾಡಹಗಲೇ ದರೋಡೆ! ಪಕ್ಕದ ಗದ್ದೆಯ ಅಂಕಮ್ಮ ಸೆರಗು ಬಿಗಿದು, ಗುದ್ದಲಿಯಲ್ಲಿ ಕಾಲುವೆ ಬದಿ ಕಡಿದು ನೀರು ತಿರುಗಿಸುತ್ತಿದ್ದಾಳೆ. ಅವಳ ಸರದಿ ಸೋಮವಾರ! ನಮ್ಮ ಒಟ್ಲು ಇರುವುದು ಎಡಕ್ಕೆ, ಹೊಂಗೆಮರದ ಪಕ್ಕದ ಗದ್ದೆಯಲ್ಲಿ. ನೀರು ಹರಿಯುತ್ತಿರುವುದು ಬಲಕ್ಕೆ, ಅಂಕಮ್ಮನ ಗದ್ದೆಯ ದಿಕ್ಕಿಗೆ! ನನ್ನೊಳಗಿನ ಸೇನಾಪತಿ ಮೀಸೆ ತಿರುವಿದ. ಇಕ್ಕಟ್ಟಾದ ದಾರಿ ಎದುರಿಗಿತ್ತು, ದಢೂತಿ ಆಸಾಮಿಗೂ ಕೊರತೆ ಇರಲಿಲ್ಲ. ಅವಳು ಕಡಿದ ಬಾಯಿಗೆ ಹೋಗಿ ಧೊಪ್ಪನೆ ಕುಳಿತುಬಿಟ್ಟೆ. ನೀರು ನಿಂತಿತು!

“ಯಾಕ್ಲಾ ಸಿವರಾಜ, ತಲೆ ಕೆಟ್ಟದಾ? ಏಳ್ಲಾ ಮ್ಯಾಕೆ!” ಅಂಕಮ್ಮ ಕಿರುಚಿದಳು.

“ಏಳಲ್ಲ! ಕಂಡವರ ನೀರು ಕದಿಯೋಕೆ ನಾಚಿಕೆ ಆಗಲ್ವಾ?”

ನಾನು ಒಂದು ಏಟು ಹೊಡೆದಿದ್ದೆ. ನಿಯಮದ ಪ್ರಕಾರ ಅವಳು ಒಂದು ಹೊಡೆಯಬೇಕು, ಆಮೇಲೆ ನನ್ನದು. ಆದರೆ ಅಂಕಮ್ಮ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ! ನನ್ನ ನಡತೆ, ನನ್ನ ಹೊಟ್ಟೆ, ನನ್ನ ಸರ್ಕಾರಿ ನೌಕರಿ, ನಮ್ಮ ತಾತನ ಕಾಲದ ಬದು ಜಗಳ ಎಲ್ಲಕ್ಕೂ ಒಂದೇ ಉಸಿರಿನಲ್ಲಿ ಮಂಗಳಾರತಿ. ನಾನು ಬಾಯಿ ತೆರೆದಾಗಲೆಲ್ಲ ಒಂದು ಹಿಡಿ ಕೆಸರು ಬೇರೆ ಬಂದು ಬೀಳುತ್ತಿತ್ತು. ಸರದಿ ಮುಗಿಸುವ ಗುಂಡಿಯನ್ನು ಆ ಹೆಂಗಸಿಗೆ ದೇವರು ಇಟ್ಟೇ ಇರಲಿಲ್ಲ.

“ನೀರು ನಿಂದೇ ಕಣ್ಲಾ, ಮುಂಡೇದೆ!”

“ನಂದು ಅಂತ ಗೊತ್ತಿದ್ದೂ ಕದೀತೀಯಲ್ಲಮ್ಮ!”

“ನಿನ್ ಒಟ್ಲಿಗೇ ಓಯ್ತಾ ಅದೆ ಕಣ್ಲಾ, ಬುಡ್ಲಾ!”

ಹಹ! ವೈರಿಯ ಮಾತನ್ನು ನಂಬಲು ನಾನೇನು ತೇಜುವೇ? ಅಂಡು ಊರಿ ಇನ್ನೂ ಗಟ್ಟಿಯಾಗಿ ಕುಳಿತೆ. ತಡೆದ ನೀರು ಏರಿತು, ಎದುರು ಬದಿ ಒಡೆದು ಭರ್ರೆಂದು ಹಳ್ಳಕ್ಕೆ ಹರಿಯತೊಡಗಿತು. ಹರಿದರೆ ಹರಿಯಲಿ, ಅಂಕಮ್ಮನ ಪಾಲಿಗಂತೂ ಹೋಗಲಿಲ್ಲವಲ್ಲ! ಅಷ್ಟರಲ್ಲಿ ಮಧ್ಯಾಹ್ನವಾಗಿ, ಮುಂದಿನ ಸರದಿಯವರು ಮೇಲೆ ತೂಬಿನ ಹತ್ತಿರ ನೀರು ತಿರುಗಿಸಿಕೊಂಡರು. ಕಾಲುವೆ ಒಣಗಿತು. ನಾನು ವಿಜಯೋತ್ಸಾಹದಿಂದ ಎದ್ದು, ಲುಂಗಿ ಹಿಂಡಿಕೊಂಡು, ಹೊಂಗೆಮರದ ಪಕ್ಕಕ್ಕೆ ಒಟ್ಲು ನೋಡಲು ನಡೆದೆ.

ಅಲ್ಲಿ ಒಂದು ಎಸಳು ಪೈರೂ ಇರಲಿಲ್ಲ. ಬರೀ ಉತ್ತ ನೆಲ!

ಅಂಕಮ್ಮ ಗುದ್ದಲಿ ಎತ್ತಿ ಬಲಕ್ಕೆ ತೋರಿಸಿದಳು. “ಅಲ್ನೋಡು. ಈ ವರ್ಸ ನಿನ್ನೆಂಡ್ರು ಒಟ್ಲು ಆಕಿರೋದು ನಿಮ್ದೇ ಆ ಗದ್ದೇಲಿ. ‘ನಮ್ಮನೆಯವ್ರು ಆಟ ಬುಟ್ಟು ಏಳಕಿಲ್ಲ, ನೀವೇ ಒಸಿ ನೀರು ಕಟ್ಬುಡಿ ಅಂಕಮ್ಮಾರೆ’ ಅಂತ ಕೈ ಮುಗ್ದು ಓಗಿದ್ಲು. ಪಾಪ ಅಂತ ಬಂದ್ರೆ ನನ್ನೇ ಕಳ್ಳಿ ಮಾಡಿದ್ಯಲ್ಲೋ!”

ನೋಡಿದೆ. ಒಟ್ಲು ಅಲ್ಲೇ ಇತ್ತು. ತುದಿಯೆಲ್ಲ ಹಳದಿಯಾಗಿ, ಬುಡದ ಮಣ್ಣು ಬಿರಿದಿತ್ತು. ಒಂದು ಮೂಲೆಯಲ್ಲಿ ಮಾತ್ರ ಒದ್ದೆ, ಅದೂ ನಾನು ಬಂದು ಕೂರುವ ಮೊದಲು ಹರಿದದ್ದು. ಆಟದ ಭೂಪಟದ ಚೌಕ ಚೌಕವೂ ನನಗೆ ಬಾಯಿಪಾಠ, ನನ್ನ ಒಟ್ಲು ಎಲ್ಲಿದೆಯೆಂದು ಮಾತ್ರ ಗೊತ್ತಿಲ್ಲ! ಸಾಯುವಷ್ಟು ನಾಚಿಕೆಯಾಯಿತು.

ಸಂಜೆ ಆಶಾರಾಣಿ ಬಸ್ಸಿಳಿಯುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದು ನಿಂತಿತ್ತು. ಅವಳು ಸೀದಾ ಅಂಕಮ್ಮನ ಮನೆಗೆ ಹೋಗಿ, ಬಹಳ ಹೊತ್ತಾದ ಮೇಲೆ ಬಂದಳು.

“ನಾಳೆ ಬೆಳಿಗ್ಗೆ ಅವ್ರ ಸರದೀಲಿ ಅರ್ಧ ನಮ್ಗೆ ಬುಟ್ಕೊಡ್ತಾರಂತೆ. ಒಟ್ಲು ಉಳ್ಕೊತದೆ.”

“ಅಬ್ಬ! ದೊಡ್ಡ ಮನಸ್ಸು!”

“ಒಂದು ಕರಾರು ಆಕವ್ರೆ” ಅಂದಳು, ಅಷ್ಟೇ. ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕಚೇರಿಗೆ ಪ್ಯಾಂಟು ಹಾಕುತ್ತಿದ್ದವನ ಕೈಯಿಂದ ಆಶಾರಾಣಿ ಊಟದ ಡಬ್ಬಿ ಕಿತ್ತುಕೊಂಡಳು.

“ರಜ ಆಕಿ.”

“ಯಾಕೆ? ನೀರು ಕಟ್ಟೋಕೆ ನಾನೂ ಬರ್ಲಾ?”

“ಬ್ಯಾಡ! ಅದೇ ಕರಾರು. ನಿಮ್ ಬಸ್ಸು ಗದ್ದೆ ಮುಂದೇನೇ ಓಯ್ತದೆ. ಎಲ್ಲಾದ್ರೂ ಇಳ್ದುಬುಟ್ಟೀರಿ!”

ನನ್ನನ್ನು ಟಿ.ವಿ. ಎದುರು ಕೂರಿಸಿ, ಪೆಟ್ಟಿಗೆಯ ಸ್ವಿಚ್ಚನ್ನು ತಾನೇ ಹಾಕಿ, ಕಂಟ್ರೋಲರ್ ಅನ್ನು ಕೈಗಿಟ್ಟಳು. ಗುದ್ದಲಿ ಹೆಗಲಿಗೇರಿಸಿ ಹೊರಗೆ ಹೋಗಿ, ಬಾಗಿಲಿಗೆ ಚಿಲಕ ಹಾಕಿದಳು. ಆಮೇಲೆ ಕಿಟಕಿಯಲ್ಲಿ ಅವಳ ಮುಖ ಕಾಣಿಸಿತು.

“ನಾ ಬರೋಗಂಟ ಆಡ್ತಾನೇ ಇರಿ. ನೀವು ಅಲ್ಲಿಂದ ಎದ್ರೆ ನಮ್ ಒಟ್ಲು ಒಣಗೋಯ್ತದೆ!”